ಹೋದ ವರ್ಷ ಕುಡಿದ ನೀರು

ನಮ್ಮ ಮನೆಯಲ್ಲಿ ಯಾರಾದರೂ ಸೀನಿದರೆ ಉಳಿದವರು ಸೀನಿದವರ ಮುಖ ನೋಡುವುದಿಲ್ಲ, ನನ್ನ ಮುಖ ನೋಡುತ್ತಾರೆ. ನಾನು ಏನೂ ಅನ್ನದಿದ್ದರೆ ಅವರಿಗೇ ಗಾಬರಿ. ಹಾಲು ಮೂಸದೆ ಒಲೆಯ ಮೇಲಿಟ್ಟವಳಲ್ಲ, ಮಲಗಿದವರ ಹಣೆ ಮುಟ್ಟದೆ ದೀಪ ಆರಿಸಿದವಳಲ್ಲ. ಬೇರೆಯವರ ಮನೆಗೆ ಹೋದಾಗ ನೀರಿನ ತಂಬಿಗೆಯನ್ನು ತುಸು ಓರೆ ಮಾಡಿ ತಳ ನೋಡುತ್ತೇನೆ; ಕಂಡವರು ಇವಳು ತಂಬಿಗೆಯ ತೂಕ ನೋಡುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ಐವತ್ತು ಹತ್ತಿರ ಬಂದರೂ ಈ ಚಟ ಬಿಟ್ಟಿಲ್ಲ. ಹುಟ್ಟಿದಾಗಿನಿಂದಲೇ ನಾನು ಹೀಗೆ ಎಂಬುದು ನಮ್ಮ ಅತ್ತೆಯ ಅಭಿಪ್ರಾಯವಾಗಿತ್ತು. ಅದು ಅರ್ಧ ಖರೆ. ಇನ್ನರ್ಧ ನನಗೆ ಬಂದದ್ದು ಎಂಬತ್ತರ ದಶಕದ ಒಂದು ಬೇಸಿಗೆಯಲ್ಲಿ, ನಮ್ಮ ಮನೆಯವರ ಬಲಗಾಲಿನಿಂದ.

ಆಗ ನಾವಿದ್ದದ್ದು ನವಲಗುಂದದಿಂದ ಅಣ್ಣಿಗೇರಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ಎರೆ ನೆಲ. ಬಾವಿ ತೋಡಿದರೆ ಸವುಳು ನೀರು. ಶಾಲೆಯ ಮುಂದೆ ಬೋರು ಹಾಕಿ ಕೈಪಂಪು ಕೂರಿಸಿದ್ದರು. ಒತ್ತಿದರೆ ಕನ್ನಡಿಯಂಥ ನೀರು ಬರುತ್ತಿತ್ತು. ಆದರೆ ಆ ನೀರಿನಲ್ಲಿ ತೊಗರಿ ಬೇಳೆ ಬೇಯುತ್ತಿರಲಿಲ್ಲ. ಎಷ್ಟು ಕುದಿಸಿದರೂ ಕಾಳು ಕಾಳಾಗಿಯೇ ತೇಲುತ್ತಿತ್ತು. ಬೇಳೆಯನ್ನೇ ಬೇಯಿಸದ ನೀರು ಹೊಟ್ಟೆಯೊಳಗೆ ಹೋಗಿ ಏನು ಮಾಡೀತು ಎಂಬುದು ನಮ್ಮೂರ ಹೆಂಗಸರ ಪ್ರಶ್ನೆ. ಹೀಗಾಗಿ ಬೋರಿನ ನೀರು ಪಾತ್ರೆ ತಿಕ್ಕಲು, ಎಮ್ಮೆ ಮೈ ತೊಳೆಯಲು. ಅಡಿಗೆಗೆ, ಕುಡಿಯಲಿಕ್ಕೆ ಕೆರೆಯ ನೀರು. ಪಾವಟಿಗೆಯ ಮೆಟ್ಟಿಲು ಇಳಿದು, ಮೊಣಕಾಲಿನವರೆಗೆ ನೀರಿನಲ್ಲಿ ನಿಂತು, ಕೊಡದ ತಳದಿಂದ ಮೇಲಿನ ಕಸ ಅತ್ತಿತ್ತ ಸರಿಸಿ ತುಂಬಿಕೊಳ್ಳುತ್ತಿದ್ದೆವು. ಆ ನೀರಿನಲ್ಲಿ ಬೇಳೆ ಬೆಣ್ಣೆಯ ಹಾಗೆ ಬೇಯುತ್ತಿತ್ತು. ನೀರಿಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾರೂ ಕೇಳುತ್ತಿರಲಿಲ್ಲ.

ನಮ್ಮ ಮನೆಯವರು ಟೇಲರು. ಪಡಸಾಲೆಯೇ ಅಂಗಡಿ, ಬಾಗಿಲ ಬೆಳಕಿಗೆ ಕಾಲಿನಿಂದ ತುಳಿಯುವ ಮಷೀನು. ಮಾತು ಕಡಿಮೆ, ಆದರೆ ಹೊಲಿಗೆಯ ವಿಷಯದಲ್ಲಿ ಮಾತ್ರ ಸಣ್ಣದೊಂದು ಸೊಕ್ಕು. ಗಿರಾಕಿ ಅಂಗಿ ಒಯ್ಯಲು ಬಂದರೆ ಅದನ್ನು ತಿರುವಿ ಒಳಮೈ ತೋರಿಸುತ್ತಿದ್ದರು. ಹೊರಗೆ ಚೆಂದ ಹೊಲಿಯುವವರು ಎಲ್ಲಾ ಊರಲ್ಲೂ ಇದ್ದಾರೆ, ಒಳಗೆ ನೋಡಿ ಅನ್ನುವುದು ಅವರ ವಾದ. ಗಿರಾಕಿಗೆ ಒಳಗಿನದು ಬೇಕಿರುತ್ತಿರಲಿಲ್ಲ. ಆದರೂ ನೋಡಿ ತಲೆ ಆಡಿಸಿ ಹೋಗುತ್ತಿದ್ದ.

ಒಂದು ಬೇಸಿಗೆಯ ಸುರುವಿನಲ್ಲಿ ಸರಕಾರಿ ದವಾಖಾನೆಯ ನರ್ಸಬಾಯಿ ದಟ್ಟ ನೇಯ್ಗೆಯ ಬಿಳಿ ಬಟ್ಟೆಯ ಒಂದು ಥಾನು ತಂದರು. ಸುತ್ತಲಿನ ಹಳ್ಳಿಗಳಲ್ಲಿ ನಾರುಹುಣ್ಣು ಎದ್ದಿತ್ತು. ಕಾಲಿನಲ್ಲಿ ಗುಳ್ಳೆ ಎದ್ದು ಒಡೆದು, ಅದರೊಳಗಿಂದ ನಾರಿನಂಥ ಉದ್ದನೆಯ ಹುಳ ಬರುವ ರೋಗ ಅದು. ಅಂಥ ಕಾಲನ್ನು ಕೆರೆಯಲ್ಲಿ ಇಟ್ಟರೆ ಹುಳದ ಮರಿಗಳು ನೀರು ಸೇರುತ್ತವೆ. ನೀರಿನಲ್ಲಿರುವ ಕಣ್ಣಿಗೆ ಕಂಡೂ ಕಾಣದಂಥ ಸಣ್ಣ ಜೀವಿಗಳು ಅವನ್ನು ನುಂಗುತ್ತವೆ. ಆ ಜೀವಿಗಳನ್ನು ನಾವು ನೀರಿನ ಜೊತೆ ಕುಡಿಯುತ್ತೇವೆ. ಬಟ್ಟೆಯಲ್ಲಿ ಸೋಸಿದರೆ ಅವು ಬಟ್ಟೆಯ ಮೇಲೆಯೇ ಉಳಿಯುತ್ತವೆ ಎಂದು ನರ್ಸಬಾಯಿ ಹೇಳಿದರು. ಮೇಲಿನ ಬಾಜು ಯಾವಾಗಲೂ ಮೇಲೇ ಇರಬೇಕು ಎಂದೂ ಹೇಳಿದರು. ನಾವೆಲ್ಲ ಹೂಂ ಅಂದೆವು.

ಬಟ್ಟೆಯನ್ನು ಮನೆಗೊಂದರಂತೆ ಕತ್ತರಿಸಿ ಅಂಚು ಹೊಲಿದು ಕೊಡುವ ಕೆಲಸ ಇವರಿಗೆ ಬಂತು. ಅಂಚು ಮಡಚಿ ಒಂದು ಹೊಲಿಗೆ ಎಳೆದಿದ್ದರೆ ಸಾಕಿತ್ತು. ಇವರು ನಾಲ್ಕೂ ಅಂಚಿಗೆ ಸಣ್ಣ ಪಟ್ಟಿ ಸುತ್ತಿ, ಎರಡೂ ಕಡೆ ಸಮನಾಗಿ ಕೂರಿಸಿ, ಹೊಲಿಗೆ ಯಾವ ಬಾಜಿನಿಂದ ಬಿತ್ತೆಂದು ಗೊತ್ತಾಗದ ಹಾಗೆ ಹೊಲಿದರು. ನೀರು ಸೋಸುವ ಬಟ್ಟೆ ಮದುಮಗನ ರುಮಾಲಿನಂತೆ ಕಾಣುತ್ತಿತ್ತು. ನರ್ಸಬಾಯಿಯೂ ಮೆಚ್ಚಿದರು. ನನಗಂತೂ ಆ ಬಟ್ಟೆ ಬಂದಮೇಲೆ ಒಂದು ಥರದ ನೆಮ್ಮದಿ. ನನ್ನ ಆಯುಷ್ಯದಲ್ಲಿ ನಾನು ಅನುಮಾನಪಡದೆ ನಂಬಿದ ಮೊದಲ ವಸ್ತು ಅದು.

ಮರುವರ್ಷದ ಬೇಸಿಗೆಯಲ್ಲಿ, ಶಾಲೆಯ ಯೂನಿಫಾರ್ಮಿನ ಬಟ್ಟೆ ಬಂದು ಬೀಳುವ ಹೊತ್ತಿಗೆ, ಮಷೀನಿನ ಸದ್ದು ಬದಲಾಯಿತು. ಒಂದೇ ಸಮ ಓಡುತ್ತಿದ್ದದ್ದು ತಡೆದು ತಡೆದು ಓಡತೊಡಗಿತು. ಕೇಳಿದರೆ ಚಪ್ಪಲಿ ಕಚ್ಚಿದೆ ಎಂದರು. ನಾನು ಹೋಗಿ ಚಪ್ಪಲಿ ನೋಡಿದೆ. ಎರಡು ವರ್ಷ ಮೆಟ್ಟಿ ಸವೆದದ್ದು, ಬೆಣ್ಣೆಯಂಥ ತೊಗಲು. ಎರಡು ವರ್ಷ ಸುಮ್ಮನಿದ್ದ ಚಪ್ಪಲಿ ಈಗ ಯಾಕೆ ಕಚ್ಚಬೇಕು? ಆಮೇಲೆ ಮಷೀನಿನ ಕೆಳಗೆ, ಕತ್ತರಿಸಿದ ಚೂರುಗಳ ಗಂಟಿನ ಹಿಂದೆ, ಒಂದು ಬಕೆಟ್ಟು ನೀರು ಕಂಡಿತು. ಟೇಲರನಿಗೆ ಬಕೆಟ್ಟು ನೀರು ಏತಕ್ಕೆ?

ಮಧ್ಯಾಹ್ನ ಊಟ ಮಾಡಿ ಅವರು ಅಡ್ಡಾದಾಗ ಮೆಲ್ಲಗೆ ಪಾದದ ಕಡೆ ಕೂತು ಧೋತರದ ಅಂಚು ಸರಿಸಿದೆ. ಬಲ ಹಿಮ್ಮಡಿಯ ಮೇಲೆ, ಕೀಲಿನ ಬಾಜು, ಕೆಂಪಗೆ ಊದಿದ ಜಾಗದ ನಡುವೆ ಒಂದು ಗುಳ್ಳೆ. ಬಗ್ಗಿ ನೋಡುವಾಗ ಅವರಿಗೆ ಎಚ್ಚರವಾಯಿತು.

“ಏನ ಬೇ, ಜೀವ ಐತೋ ಇಲ್ಲೋ ಅಂತ ನೋಡಾಕತ್ತೀಯೇನು?”

ಉರಿ ತಡೆಯಲಾಗದೆ ಕಾಲನ್ನು ತಣ್ಣೀರಿನಲ್ಲಿ ಇಟ್ಟುಕೊಂಡು ಹೊಲಿಯುತ್ತಿದ್ದರಂತೆ. ಹೇಳಿದರೆ ನಾನು ಊರು ಒಂದು ಮಾಡುತ್ತೇನೆ ಎಂದು ಹೇಳಿರಲಿಲ್ಲ. ಗುಳ್ಳೆ ಒಡೆಯಿತು. ಒಡೆದಲ್ಲಿ ಬಿಳೀ ದಾರದ ತುದಿಯಂಥದೊಂದು ಕಾಣಿಸಿಕೊಂಡಿತು. ದಿನವೂ ದಾರದ ಜೊತೆ ಇರುವ ಮನುಷ್ಯ, ಮೊದಲು ಬಟ್ಟೆಯ ನೂಲು ಅಂಟಿದೆ ಎಂದು ಉಗುರಿನಿಂದ ತೆಗೆಯಲು ಹೋಗಿದ್ದರು.

ನರ್ಸಬಾಯಿ ಬಂದು ನೋಡಿದರು. ಇದಕ್ಕೆ ಗುಳಿಗೆ ಇಲ್ಲ, ಹುಳದ ತುದಿಯನ್ನು ಸಣ್ಣ ಕಡ್ಡಿಗೆ ಸುತ್ತಿ ದಿನಕ್ಕೆ ಬಂದಷ್ಟೇ ಸುತ್ತುತ್ತ ಹೋಗಬೇಕು, ಬಿಗಿಯಾದ ಕೂಡಲೇ ನಿಲ್ಲಿಸಬೇಕು. ಗಾಯ ಸ್ವಚ್ಛ ಇಡಬೇಕು. ಧನುರ್ವಾಯುವಿನ ಸೂಜಿ ಹಾಕಿಸಬೇಕು. ಕಾಲು ಕೆರೆಗೆ ಇಳಿಯಕೂಡದು. ಕಾಲಿಟ್ಟ ಬಕೆಟ್ಟಿನ ನೀರನ್ನೂ ಕೆರೆಯಿಂದ ದೂರ ಒಣ ನೆಲಕ್ಕೆ ಚೆಲ್ಲಬೇಕು. ಜಗ್ಗಿ ಹರಿದರೆ ಉಳಿದದ್ದು ಒಳಗೇ ಕೊಳೆತು ಕಾಲು ಬಾಯುತ್ತದೆ, ಕೀಲು ಬಿಗಿದು ಹಾಗೇ ನಿಂತರೂ ನಿಲ್ಲಬಹುದು ಎಂದರು. ಇವರು ಕೇಳಿಸಿಕೊಂಡದ್ದು ಕೊನೆಯ ಮಾತು ಮಾತ್ರ. ಆ ಕೀಲು ಮಡಚಿದರೆ ಮಷೀನು ಓಡುತ್ತದೆ, ಮಷೀನು ಓಡಿದರೆ ಮನೆ ಓಡುತ್ತದೆ. ಅವರು ಕಾಲನ್ನೇ ನೋಡುತ್ತ ಕೂತರು.

ನಾನು ಕೇಳಿಸಿಕೊಂಡದ್ದು ಇನ್ನೊಂದು ಮಾತು. ಈಗ ಹೊರಬಂದ ಹುಳ ಹೋದ ವರ್ಷ ಸುಮಾರು ಈ ಹೊತ್ತಿಗೆ ಕುಡಿದ ನೀರಿನದು ಎಂದು ನರ್ಸಬಾಯಿ ಅಂದಿದ್ದರು.

ಅನುಮಾನದ ಮನುಷ್ಯರಿಗೆ ಇಂಥ ಮಾತು ಹೇಳಬಾರದು. ಇವತ್ತಿನ ಹಾಲು, ನಿನ್ನೆಯ ಪಲ್ಯ ಇಷ್ಟರ ಮೇಲೆ ಅನುಮಾನಪಡುತ್ತಿದ್ದ ನನಗೆ ಹಿಂದಿನ ಇಡೀ ವರ್ಷ ಬಾಗಿಲು ತೆರೆದುಕೊಂಡಿತು. ನಮ್ಮ ಮನೆಯಲ್ಲಿ ಸೋಸುತ್ತೇವೆ, ಆದ್ದರಿಂದ ಹುಳ ಹೊರಗಿನದು. ಹಾಗಾದರೆ ಎಲ್ಲಿಯದು? ಅಣ್ಣಿಗೇರಿ ಸ್ಟೇಶನ್ನಿನ ಎದುರು ಇವರು ಚಹಾ ಕುಡಿಯುತ್ತಿದ್ದ ಅಂಗಡಿಯದೇ? ಚಹಾ ಕುದಿಯುತ್ತದೆ, ಆದರೆ ಅದಕ್ಕಿಂತ ಮೊದಲು ಒಂದು ಗ್ಲಾಸು ತಣ್ಣೀರು ಕುಡಿಯುವ ಚಾಳಿ ಇವರಿಗೆ. ಹೊಲದ ಹಳ್ಳದ ಒರತೆಯೇ? ನವಲಗುಂದದ ಸಂತೆಯೇ? ಮಲಗಿದಲ್ಲಿಂದ ಎಬ್ಬಿಸಿ, ಹೋದ ವರ್ಷ ಯುಗಾದಿ ಆದಮೇಲೆ ಎಲ್ಲೆಲ್ಲಿ ನೀರು ಕುಡಿದಿರಿ ಎಂದು ಕೇಳಿದೆ. ಬಾಯಾರಿದಲ್ಲೆಲ್ಲ ಕುಡಿದೆ ಎಂದರು.

ಕೊನೆಗೆ ನನ್ನ ಅನುಮಾನ ಕುಂದಗೋಳ ಕಡೆಯ ನಾದಿನಿಯ ಮನೆಯ ಮೇಲೆ ಹೋಗಿ ಕೂತಿತು. ಹೋದ ಬೇಸಿಗೆಯಲ್ಲಿ ಅವಳ ಕೂಸಿನ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದೆವು. ಅವರ ಮನೆಯ ಹರವಿಗೆ, ಅಂದರೆ ನೀರು ತುಂಬಿಡುವ ದೊಡ್ಡ ಮಣ್ಣಿನ ಪಾತ್ರೆಗೆ, ಮುಚ್ಚಳ ಒಡಕಾಗಿತ್ತು. ಅದು ನನಗೆ ಚೆನ್ನಾಗಿ ನೆನಪಿತ್ತು. ಅಣ್ಣನ ಕಾಲು ನೋಡಲು ನಾದಿನಿ ಬಸ್ಸು ಹತ್ತಿ ಬಂದಳು. ಚಹಾ ಕೊಡುತ್ತ, ನಿಮ್ಮಲ್ಲಿ ನೀರು ಸೋಸುತ್ತಾರೇನು ಎಂದು ಸಹಜವಾಗಿ ಕೇಳಿದಂತೆ ಕೇಳಿದೆ. ನನಗೆ ಸಹಜವಾಗಿ ಕೇಳಲು ಬರುವುದಿಲ್ಲ.

ಅವಳು ಚಹಾದ ಬಶಿ ಕೆಳಗಿಟ್ಟಳು. “ವೈನಿ, ಅವತ್ತು ಒಬ್ಬೊಬ್ಬರು ಆರಾರು ಹೋಳಿಗಿ ಉಂಡ್ರಿ. ಹೋಳಿಗಿ ಮ್ಯಾಲೆ ಯಾಕ ಅನುಮಾನ ಬರಲಿಲ್ರಿ?”

ಅತ್ತೆ, ಮಗಳ ಕಡೆಗೂ ಅಲ್ಲ, ನನ್ನ ಕಡೆಗೂ ಅಲ್ಲ ಎಂಬಂತೆ ಗೋಡೆ ನೋಡುತ್ತಿದ್ದರು. ನಾದಿನಿ ಸಂಜೆಯ ಬಸ್ಸಿಗೇ ಹೊರಟುಹೋದಳು.

ಇತ್ತ ಊರು ನಮ್ಮ ಮೇಲೆ ಕಣ್ಣಿಟ್ಟಿತು. ಅದರಲ್ಲಿ ತಪ್ಪೇನೂ ಇರಲಿಲ್ಲ. ಬೇರೆ ಮನೆಯಲ್ಲಿ ಇಂಥ ಕಾಲಿದ್ದಿದ್ದರೆ ನಾನು ಅವರ ಬಾಗಿಲಲ್ಲೇ ಕಾವಲು ಕೂರುತ್ತಿದ್ದೆ. ನಾನು ಬಕೆಟ್ಟು ಹಿಡಿದು ಹೊರಗೆ ಬಂದರೆ ಎದುರು ಮನೆಯವಳು ಕಸ ಗುಡಿಸುವುದನ್ನು ನಿಲ್ಲಿಸಿ, ನೀರು ಯಾವ ದಿಕ್ಕಿಗೆ ಹೋಗುತ್ತದೆ ಎಂದು ನೋಡುತ್ತಿದ್ದಳು. ಕೆರೆಯ ಪಾವಟಿಗೆಯಲ್ಲಿ ನಾನು ಇಳಿಯುವಾಗ ಹೆಂಗಸರು ನನ್ನ ಸೀರೆಯ ನೆರಿಗೆಯ ಕೆಳಗೆ ನೋಡುತ್ತಿದ್ದರು. ಒಂದು ದಿನ ನಾನೇ ಎರಡೂ ಕಾಲು ಎತ್ತಿ ತೋರಿಸಿದೆ. ಯಾರೂ ನಗಲಿಲ್ಲ.

ಎಲ್ಲರ ಮನೆಯ ನೀರಿನ ಮೇಲೆ ಅನುಮಾನಪಟ್ಟು ಮುಗಿದ ಮೇಲೆ ಉಳಿದದ್ದು ನಮ್ಮ ಮನೆಯದೊಂದೇ. ಒಂದು ಮುಂಜಾನೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತ ಸುಮ್ಮನೆ ಓರೆಗಣ್ಣಿನಿಂದ ನೋಡಿದೆ. ನೀರು ಸೋಸುವುದು ಅತ್ತೆಯ ಕೆಲಸ. ಮಡಿ, ಚೊಕ್ಕತನದ ವಿಷಯದಲ್ಲಿ ಅವರು ಯಾರನ್ನೂ ನಂಬುತ್ತಿರಲಿಲ್ಲ. ಹರವಿಯ ಬಾಯಿಗೆ ಬಟ್ಟೆ ಕಟ್ಟಿ ಮೊದಲ ಕೊಡ ಸುರಿದರು. ಬಟ್ಟೆ ಬಿಚ್ಚಿ ಒಮ್ಮೆ ಝಾಡಿಸಿದರು. ಆಮೇಲೆ ಅದನ್ನು ಮಗ್ಗುಲು ತಿರುವಿ, ಕೆಳಗಿನದು ಮೇಲೆ ಮಾಡಿ ಕಟ್ಟಿ, ಎರಡನೆಯ ಕೊಡ ಸುರಿದರು.

ನನ್ನ ಕೈಯ ರೊಟ್ಟಿ ಹರಿಯಿತು. ಮೊದಲ ಕೊಡದ ನೀರಿನ ಆ ಸಣ್ಣ ಜೀವಿಗಳೆಲ್ಲ ಬಟ್ಟೆಯ ಮೇಲೆ ಅಂಟಿಕೊಂಡಿದ್ದವು. ತಿರುವಿದ ಕೂಡಲೇ ಅವು ಕೆಳಗಾದವು. ಎರಡನೆಯ ಕೊಡದ ನೀರು ಅವನ್ನು ಚೊಕ್ಕಟಾಗಿ ತೊಳೆದು ಹರವಿಯೊಳಗೆ ಇಳಿಸಿತು. ಯಾಕೆ ತಿರುವಿದಿರಿ ಎಂದು ಕೇಳಿದೆ.

“ಒಂದ ಬಾಜು ಹೊಲಸಾತಲ್ಲ ಬೇ. ಹೊಲಸಿನ ಮ್ಯಾಲೆ ಮತ್ತ ನೀರ ಹೊಯ್ಯಬೇಕೇನು?”

ದಿನಾಲೂ ಹೀಗೇ ಮಾಡುತ್ತಿದ್ದರಂತೆ. ಒಂದು ಕೊಡಕ್ಕೆ ಒಂದು ಬಾಜು. ಹೊಲಸನ್ನು ತಪ್ಪಿಸಬೇಕೆಂಬ ಎಚ್ಚರದಿಂದಲೇ ಮಾಡಿದ್ದು. ನಾನು ನರ್ಸಬಾಯಿಯ ಮಾತು ನೆನಪಿಸಿದೆ. ಮೇಲಿನ ಬಾಜು ಮೇಲೆ ಇರಬೇಕು ಅಂದಿದ್ದು ಅವರಿಗೂ ನೆನಪಿತ್ತು. ಆದರೆ ಒಗೆದು, ಒಣಗಿಸಿ, ಮಡಚಿಟ್ಟ ಮೇಲೆ ಮೇಲಿನದು ಯಾವುದು ಎಂದು ಬಟ್ಟೆಯನ್ನು ನನ್ನ ಕೈಗೇ ಕೊಟ್ಟರು. ನಾನು ಹೊರಳಿಸಿ ಹೊರಳಿಸಿ ನೋಡಿದೆ. ನನಗೂ ಗೊತ್ತಾಗಲಿಲ್ಲ.

ಬಟ್ಟೆ ಹಿಡಿದು ಪಡಸಾಲೆಗೆ ಹೋದೆ. ಇವರು ಸ್ಟೂಲಿನ ಮೇಲೆ ಕಾಲು ಚಾಚಿ, ಗುಂಡಿ ಹಚ್ಚುತ್ತ ಕೂತಿದ್ದರು. ಇದರ ಸೀದಾ ಬಾಜು ಯಾವುದು ಎಂದು ಕೇಳಿದೆ. ಅಂಚನ್ನು ಹೆಬ್ಬೆರಳಿನಿಂದ ಸವರಿದರು. ತಿರುವಿ ಸವರಿದರು. ಬಾಗಿಲ ಬೆಳಕಿಗೆ ಹಿಡಿದರು.

“ಇದಕ್ಕ ಉಲ್ಟಾ ಬಾಜು ಇಲ್ಲ,” ಎಂದರು. ಆ ಮಾತನ್ನು ಅವರು ಬೇರೆ ಬಟ್ಟೆಗಳ ಬಗ್ಗೆ ಗಿರಾಕಿಗಳ ಮುಂದೆ ಎಷ್ಟೋ ಸಲ ಹೇಳಿದ್ದನ್ನು ನಾನು ಕೇಳಿದ್ದೆ. ಈ ಸಲದ ದನಿ ಬೇರೆ ಇತ್ತು. ಊರಿನ ಎಲ್ಲಾ ಮನೆಯಲ್ಲಿ ಇದ್ದದ್ದು ಅದೇ ಬಟ್ಟೆ.

ಮರುದಿನವೇ ಇವರು ನರ್ಸಬಾಯಿಗೆ ಹೇಳಿ ಬಟ್ಟೆಗಳನ್ನೆಲ್ಲ ತರಿಸಿಕೊಂಡರು. ಮಷೀನು ತುಳಿಯಲು ಬರುವಂತಿರಲಿಲ್ಲ. ಕೈಸೂಜಿಯಿಂದ ಪ್ರತಿಯೊಂದರ ಮೂಲೆಯಲ್ಲಿ, ಒಂದೇ ಬಾಜಿಗೆ, ಕೆಂಪು ಬಟ್ಟೆಯ ಒಂದು ಚೂರು ಹಚ್ಚಿದರು. ಕೆಂಪು ಕಾಣುವುದು ಮೇಲೆ. ಚೂರುಗಳು ಸೊಟ್ಟಪಟ್ಟ ಇದ್ದವು. ಬೇಕೆಂದೇ ಹಾಗೆ ಹಚ್ಚಿದರೋ, ಕಾಲಿನ ನೋವಿಗೆ ಕೈ ಹಾಗೆ ನಡೆಯಿತೋ ನಾನು ಕೇಳಲಿಲ್ಲ. ಇನ್ನು ನಮ್ಮೊಳಗೆ ಮತ್ತೆ ಯಾರ ಹೊಟ್ಟೆಯಲ್ಲಿ ಹುಳ ಇದೆಯೋ, ಅದು ತಿಳಿಯಲು ಒಂದು ವರ್ಷ ಕಾಯಬೇಕಿತ್ತು. ಮುಂದಿನ ಬೇಸಿಗೆಯವರೆಗೆ ನಾನು ಮನೆಯವರೆಲ್ಲರ ಪಾದ ನೋಡುತ್ತಲೇ ಇದ್ದೆ. ಯಾರಿಗೂ ಏಳಲಿಲ್ಲ. ಹಾಗಾಗಿ ಇವರ ಹುಳ ನಮ್ಮ ಹರವಿಯದೋ, ಸ್ಟೇಶನ್ನಿನದೋ, ನಾದಿನಿಯ ಮನೆಯದೋ ಇವತ್ತಿಗೂ ಹೇಳಲಾರೆ. ನಾದಿನಿ ಮಾತ್ರ ಈಗಲೂ ನನಗೆ ನೀರು ಕೊಡುವಾಗ, ನನ್ನ ಎದುರಿಗೇ ಇನ್ನೊಮ್ಮೆ ಸೋಸಿ ಕೊಡುತ್ತಾಳೆ.

ಆದರೆ ನಾನು ಬಟ್ಟೆ ಹಿಡಿದು ಪಡಸಾಲೆಗೆ ಹೋದ ದಿನ ಅತ್ತೆ ಎಲ್ಲಾ ಕೇಳಿಸಿಕೊಂಡಿದ್ದರು. ಒಳಗೆ ಬಂದ ನನಗೆ ಒಂದೇ ಮಾತು ಕೇಳಿದರು. “ನನ್ನ ಕೈಲೆ ನನ್ನ ಮಗಗ ಹುಳಾ ಕುಡಿಸಿದ್ನಿ ಅಂತೀಯೇನು?”

ನಾನು ಹಾಗೆ ಅಂದಿರಲಿಲ್ಲ. ಅಲ್ಲ ಎಂದೂ ಅನ್ನಲಾಗಲಿಲ್ಲ. ಅವರು ನನ್ನ ಜೊತೆ ಮಾತು ಬಿಟ್ಟರು, ಮತ್ತು ನನಗೆ ಹೇಳದೆ ಹಳ್ಳದಾಚೆಯ ಊರಿನಿಂದ ನಾರು ತೆಗೆಯುವವನನ್ನು ಕರೆಸಿದರು. ಒಂದೇ ಕೂತಿಗೆ ಹುಳ ಜಗ್ಗಿ ತೆಗೆಯುತ್ತಾನೆಂದು ಆ ಕಡೆ ಅವನಿಗೆ ಹೆಸರಿತ್ತು.

ಅಷ್ಟು ಹೊತ್ತಿಗೆ ಇವರಿಗೂ ತಾಳ್ಮೆ ಹೋಗಿತ್ತು. ದಿನಾ ಕಡ್ಡಿ ಸುತ್ತಿದರೆ ಬೆರಳಿನ ಒಂದು ಗೆಣ್ಣಿನಷ್ಟು ಬರುತ್ತಿತ್ತು, ಕೆಲವು ದಿನ ಅದೂ ಇಲ್ಲ. ಶಾಲೆ ಸುರುವಾಗುವ ಹೊತ್ತು ಬಂದಿತ್ತು. ಖಾಕಿ ಚಡ್ಡಿಯ ಬಟ್ಟೆ ಗೋಡೆಗೆ ಒರಗಿ ಕೂತಿತ್ತು. ಎಡಗಾಲಿನಿಂದ ತುಳಿಯಲು ನೋಡಿದರು. ಮಷೀನು ಹಿಂದಕ್ಕೆ ಓಡಿ ದಾರ ತುಂಡಾಗುತ್ತಿತ್ತು. ಮಕ್ಕಳ ತಂದೆಯರು ಬಂದು ಬಟ್ಟೆಯ ಕಡೆ ನೋಡಿ ಹೋಗುತ್ತಿದ್ದರು. ಕೆಲವರು ಬಟ್ಟೆ ವಾಪಸು ಒಯ್ದು ನವಲಗುಂದದಲ್ಲಿ ಕೊಟ್ಟರು. ಹೀಗಿರುವಾಗ ಒಂದೇ ಕೂತಿಗೆ ಬಿಡುಗಡೆ ಎಂದರೆ ಯಾರು ಬೇಡ ಅಂದಾರು? ಇವರು ಕಾಲು ಚಾಚಿಯೇ ಬಿಟ್ಟರು.

ನಾರು ತೆಗೆಯುವವನು ಗಾಯಕ್ಕೆ ಎಣ್ಣೆ ಹಚ್ಚಿದ. ಬೆರಳಿಗೆ ಬಟ್ಟೆ ಸುತ್ತಿಕೊಂಡ. ನಾನು ಅವನ ಉಗುರು ನೋಡಿದೆ. ಉಗುರಿನಲ್ಲಿ ಎರೆ ಮಣ್ಣಿತ್ತು. ಕೈ ತೊಳೆಯಿರಿ ಎಂದೆ, ನಕ್ಕು ತೊಳೆದ. ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು. ಕೇಳಬಾರದು ಅಂದುಕೊಂಡರೂ ಬಾಯಿ ತಡೆಯಲಿಲ್ಲ.

“ಪೂರಾ ಬರತೈತೇನ್ರಿ?”

“ಬಂದಷ್ಟು ಬರತೈತಿ ತಂಗಿ.”

“ಬರದಿದ್ದದ್ದು?”

“ಒಳಗ ಕರಗತೈತಿ. ಕರಗದಿದ್ರ ಮತ್ತ ಹೇಳಿ ಕಳಸ್ರಿ, ಬರತೀನಿ.”

ಇವರು ಅಲ್ಲಿಯವರೆಗೆ ಕಣ್ಣು ಮುಚ್ಚಿಕೊಂಡಿದ್ದರು. ಈಗ ತೆರೆದು ಅವನ ಬೆರಳು ನೋಡಿದರು, ಕಡ್ಡಿಗೆ ಸುತ್ತಿದ ಹುಳ ನೋಡಿದರು, ಆಮೇಲೆ ನಿಧಾನವಾಗಿ ಕಾಲು ಹಿಂದಕ್ಕೆ ಎಳೆದುಕೊಂಡರು.

“ಬ್ಯಾಡ್ರಿ. ನಾ ದಾರದಾಗ ಬಾಳೇ ಮಾಡಾಂವ. ಜಗ್ಗಿದ ದಾರ ಎಲ್ಲಿ ಹರಿತೈತಿ ಅನ್ನೂದು ಜಗ್ಗಾಂವಗ ಗೊತ್ತಿರೂದಿಲ್ಲ. ಅರ್ಧಾ ಒಳಗ ಬಿಟ್ಟು ಏಳೂ ಕೆಲಸ ಬ್ಯಾಡ.”

ಅತ್ತೆ ಎದ್ದು ಒಳಗೆ ಹೋಗಿ, ಬಂದವನಿಗೆ ರೊಟ್ಟಿ, ಪಲ್ಯ ಬಡಿಸಿ ಕಳಿಸಿದರು. ಮರುದಿನ ನಾನು ಕಡ್ಡಿ ಸುತ್ತಲು ಕೂತಾಗ, ಕುದಿಸಿ ಆರಿಸಿದ ನೀರಿನ ತಂಬಿಗೆ ತಂದು ನನ್ನ ಬಾಜು ಇಟ್ಟು, ಗಾಯ ತಾವೇ ತೊಳೆದರು. ಅದರ ಮರುದಿನವೂ ಹಾಗೇ. ಇವರು ಮೇಲಿನಿಂದ ನೋಡುತ್ತ, ಹುಳ ಬಿಗಿಯಾದದ್ದು ನನ್ನ ಬೆರಳಿಗೆ ತಿಳಿಯುವ ಮೊದಲೇ ತಡಿ ಎನ್ನುತ್ತಿದ್ದರು. ಎಳೆಯ ಬಿಗಿ ಅವರಿಗೆ ಕಣ್ಣಿನಿಂದಲೇ ಗೊತ್ತಾಗುತ್ತಿತ್ತು.

ಶಾಲೆ ಸುರುವಾಗಿ, ಮಕ್ಕಳು ಹೋದ ವರ್ಷದ ಗಿಡ್ಡ ಚಡ್ಡಿಯಲ್ಲೇ ಹೋಗಿ ಬರುತ್ತಿದ್ದ ಒಂದು ಮುಂಜಾನೆ, ಕಡ್ಡಿ ಸುತ್ತುತ್ತಿದ್ದಂತೆ ಬಿಗಿ ಸಡಿಲಾಗಿ ಹುಳದ ಇನ್ನೊಂದು ತುದಿ ಹೊರಗೆ ಬಂದುಬಿಟ್ಟಿತು. ನನಗೆ ಸಂತೋಷವಾಗುವ ಬದಲು ಅನುಮಾನ ಬಂತು. ಇದು ತುದಿಯೋ, ಹರಿದದ್ದೋ? ಹುಳವನ್ನು ಖಾಲಿ ಔಷಧಿಯ ಬಾಟಲಿಯಲ್ಲಿ ಹಾಕಿ ದವಾಖಾನೆಗೆ ಒಯ್ದು, ಇದರ ಬಾಲ ಇದೇ ಏನು ಎಂದು ಕೇಳಿದೆ. ನರ್ಸಬಾಯಿ ಬಾಟಲಿ ಎತ್ತಿ ನೋಡಿ ಪೂರಾ ಬಂದಿದೆ ಎಂದರು. ನಾನು ಇನ್ನೊಮ್ಮೆ ಕೇಳಿದೆ. ಅವರು ಇನ್ನೊಮ್ಮೆ ಹೇಳಿದರು.

ಬಾವು ಇಳಿಯಲು ಮತ್ತೂ ಸ್ವಲ್ಪ ದಿನ ಹಿಡಿಯಿತು. ಕೀಲು ಬಗ್ಗುತ್ತದೋ ಇಲ್ಲವೋ ಎಂದು ನಾನು ದಿನಾ ಕೇಳುತ್ತಿದ್ದೆ, ಅವರು ದಿನಾ ನೋಡೋಣ ಎನ್ನುತ್ತಿದ್ದರು. ಕೊನೆಗೊಂದು ದಿನ ಊಟ ಮುಗಿಸಿ ಎದ್ದವರು ಚಾಪೆಯ ಕಡೆ ಹೋಗದೆ ಮಷೀನಿನ ಮುಂದೆ ಕೂತರು. ಖಾಕಿ ಬಟ್ಟೆ ಸೂಜಿಯ ಕೆಳಗೆ ಇಟ್ಟು, ಬಲಪಾದವನ್ನು ಪೆಡಲಿನ ಮೇಲೆ ಇಟ್ಟರು. ಒತ್ತಿದರು. ಗಾಲಿ ಅರ್ಧ ತಿರುಗಿ ನಿಂತಿತು. ಹಲ್ಲು ಕಚ್ಚಿ ಮತ್ತೆ ಒತ್ತಿದರು. ಒಂದು ಸುತ್ತು. ಹಿಮ್ಮಡಿ ಮೊದಲಿನಷ್ಟು ಇಳಿಯುತ್ತಿರಲಿಲ್ಲ. ಬೆರಳುಗಳ ಕಡೆ ಭಾರ ಹಾಕಿ ಇನ್ನೊಂದು ಸುತ್ತು ಬರಿಸಿದರು. ಆಮೇಲೆ ಮತ್ತೊಂದು. ಕುಂಟುತ್ತ ಕುಂಟುತ್ತ ಹೊಲಿಗೆ ಮುಂದೆ ಹೋಯಿತು.

ನಾನು ಒಳಬಾಗಿಲಲ್ಲಿ ನಿಂತಿದ್ದೆ. ನನ್ನ ಬಾಜು ಅತ್ತೆ ನಿಂತಿದ್ದರು. ಮಷೀನು ನಿಂತಿತು. ಇವರು ತಿರುಗಿದರು; ನಮ್ಮ ಮುಖ ನೋಡಲಿಲ್ಲ, ನಮ್ಮ ಕಾಲ ಬಳಿಯ ನೆಲ ನೋಡಿದರು.

“ಒಳಗ ಹೋಗ್ರಿ ಇಬ್ಬರೂ. ಮಷೀನ ಇಲ್ಲೈತಿ, ನೀವು ಅಲ್ಲಿ ಏನು ತುಳಿಯಾಕತ್ತೀರಿ?”

ಕೆಳಗೆ ನೋಡುತ್ತೇನೆ, ಅತ್ತೆಯ ಬಲಗಾಲಿನ ಹೆಬ್ಬೆರಳು ಹೊಸ್ತಿಲನ್ನು ಒತ್ತಿ ಹಿಡಿದಿತ್ತು. ನನ್ನದೂ.